ಗುಡಿ ನೋಡಿ ಹೋಗುವ ಮಂದಿಯನ್ನು ಒಂದು ರಾತ್ರಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಗದಗ ಹತ್ರದ ಲಕ್ಕುಂಡಿ. ಕೋವಿಡ್ ಆದ ಮ್ಯಾಲೆ ಊರಿಗೆ ಬರೋ ಮಂದಿ ಹೆಚ್ಚಾಗ್ಯಾರ. ಆದ್ರ ಗುಡಿ ನೋಡ್ತಾರ, ಫೋಟೋ ತಗೀತಾರ, ಗಾಡಿ ಹತ್ತಿ ಹೋಗಿಬಿಡ್ತಾರ. ಲಾಕ್‌ಡೌನ್‌ನಾಗ ಗೋವಾದಿಂದ ವಾಪಸ್ ಬಂದ ನನ್ನ ತಮ್ಮ, ಮನ್ಯಾಗಿನ ಎರಡು ಖೋಲಿ ಹೋಂಸ್ಟೇ ಮಾಡೂಣು, ಬ್ಯಾಂಕಿನಾಗ 2 ಲಕ್ಷ ಸಾಲ ತಗಿಯೂಣು ಅಂತಾನ. ಪ್ರವಾಸೋದ್ಯಮದಿಂದ ಊರು ಸುಧಾರಸ್ತದ ಅಂತ ಎಲ್ಲಾರೂ ಹೇಳ್ತಾರ. ಖರೇನ ಸುಧಾರಸ್ತದೇನು? ಮತ್ತೊಂದು ಅಂಥಾ ರೋಗ ಬಂದ್ರ ಸಾಲದ ಗತಿ ಏನು?
— ಲಕ್ಕುಂಡಿಯ ಓದುಗರೊಬ್ಬರು

ಉತ್ತರ: ಸುಧಾರಿಸುತ್ತದೆ. ಆದರೆ ಎಷ್ಟು ಮಂದಿ ಬಂದರು ಎಂದು ಎಣಿಸುತ್ತ ಕೂತರೆ ಸುಧಾರಣೆ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಎಷ್ಟು ಮಂದಿ ರಾತ್ರಿ ಉಳಿದರು, ಎಷ್ಟು ಊಟ ಊರಿನ ಒಲೆಯ ಮೇಲೆ ಆಯಿತು, ಈ ಎರಡನ್ನು ಲೆಕ್ಕ ಇಡಬೇಕು.

ಹುಬ್ಬಳ್ಳಿಯ ನಾಲ್ಕು ಜನರ ಒಂದು ಕುಟುಂಬ ರವಿವಾರ ಕಾರಿನಲ್ಲಿ ನಿಮ್ಮೂರಿಗೆ ಬರುತ್ತದೆ ಎಂದುಕೊಳ್ಳಿ. ಹೋಗಿಬರಲು ಸುಮಾರು 140 ಕಿಲೋಮೀಟರ್. ಪೆಟ್ರೋಲ್‌ಗೆ ಸಾವಿರದ ಹತ್ತಿರ ಹೋಗುತ್ತದೆ, ಅದನ್ನು ಹುಬ್ಬಳ್ಳಿಯಲ್ಲೇ ಹಾಕಿಸಿರುತ್ತಾರೆ. ಮಧ್ಯಾಹ್ನದ ಊಟ ಗದಗದ ಹೋಟೆಲಿನಲ್ಲಿ, 800 ರೂಪಾಯಿ. ಲಕ್ಕುಂಡಿಯಲ್ಲಿ ನಾಲ್ಕು ಚಹಾ, ಒಂದು ನೀರಿನ ಬಾಟಲಿ, ಗುಡಿಗೆ ಹೂ ಕಾಯಿ ಸೇರಿ 150 ರೂಪಾಯಿ. ಎರಡು ಸಾವಿರದ ಪ್ರವಾಸದಲ್ಲಿ ಊರಿಗೆ ಬಿದ್ದದ್ದು ಇಷ್ಟೇ. ನೀರಿನ ಬಾಟಲಿಯೂ ಹೊರಗಿನಿಂದಲೇ ಬಂದದ್ದು, ಅದರಲ್ಲಿ ಅಂಗಡಿಯವರಿಗೆ ಉಳಿಯುವುದು ಕೆಲವೇ ರೂಪಾಯಿ. ಅದೇ ಕುಟುಂಬ ಒಂದು ರಾತ್ರಿ ಉಳಿದರೆ ಖೋಲಿ ಬಾಡಿಗೆ, ರಾತ್ರಿ ಊಟ, ಬೆಳಗಿನ ನಾಷ್ಟಾ, ಮರುದಿನದ ಆಟೋ, ಮನೆಗೆ ಒಯ್ಯುವ ರೊಟ್ಟಿ ಚಟ್ನಿಪುಡಿ ಎಲ್ಲ ಸೇರಿ ಎರಡೂವರೆ, ಮೂರು ಸಾವಿರ ಊರಲ್ಲೇ ಖರ್ಚಾಗುತ್ತದೆ. ಆ ದುಡ್ಡು ಜೋಳ ಬೆಳೆದವರಿಗೆ, ರೊಟ್ಟಿ ಬಡಿದವರಿಗೆ, ಹಾಲು ಹಾಕುವವರಿಗೆ, ಹಾಸಿಗೆ ಬಟ್ಟೆ ಒಗೆದವರಿಗೆ ಹಂಚಿಹೋಗುತ್ತದೆ. ಪ್ರವಾಸೋದ್ಯಮದ ಆರ್ಥಿಕ ಪಾತ್ರ ಎಂದರೆ ಹಳ್ಳಿಯ ಮಟ್ಟಿಗೆ ಇದೇ.

ಇನ್ನು ಸಾಂಕ್ರಾಮಿಕದ ಮಾತು. 2019ರಲ್ಲಿ ಭಾರತಕ್ಕೆ ಸುಮಾರು 1.09 ಕೋಟಿ ವಿದೇಶಿಯರು ಬಂದಿದ್ದರು, 2020ರಲ್ಲಿ ಬಂದವರು ಸುಮಾರು 27 ಲಕ್ಷ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳು 2020ರ ಮಾರ್ಚ್ 17ಕ್ಕೆ ಮುಚ್ಚಿದವು, ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಜುಲೈ 6ಕ್ಕೆ. 2021ರ ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ ಮತ್ತೊಮ್ಮೆ ಬಾಗಿಲು ಹಾಕಿದರು. ಹಂಪಿಯಂಥ ಕಡೆ ವಿದೇಶಿಯರನ್ನೇ ನಂಬಿದ ಮಂದಿಗೆ ಬಿದ್ದ ಏಟು ದೊಡ್ಡದು. ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ, ಬಂಕಾಪುರದಂಥ ಊರುಗಳು ಬದುಕಿದ್ದು ಸುತ್ತಲಿನ ಜಿಲ್ಲೆಗಳ ಮಂದಿಯಿಂದ. ಅವರು ಮೊದಲೇ ವಾಪಸ್ ಬಂದರು. ದೂರ ಹೋಗಲು ಅಂಜಿದವರು ಹತ್ತಿರದ ಊರು ನೋಡಲು ಕಲಿತರು, ಸ್ವಂತ ಗಾಡಿಯಲ್ಲಿ, ಶನಿವಾರ ರವಿವಾರ. ಇದಾದ ಮೇಲೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು ಹೆಣ್ಣುಮಕ್ಕಳ ಗುಂಪುಗಳು ಸರ್ಕಾರಿ ಬಸ್ಸಿನಲ್ಲಿ ಗುಡಿಗಳಿಗೆ ಹೊರಟವು. ನಿಮ್ಮೂರಿಗೆ ಈಗ ಬರುತ್ತಿರುವವರು ಬಹುಮಟ್ಟಿಗೆ ಈ ಎರಡು ಬಗೆಯವರು. ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ಮೊದಲು ಬೇಕಾದದ್ದು ಶೌಚಾಲಯ. 40 ಜನರ ಗುಂಪಿಗೆ ಒಂದೇ ಶೌಚಾಲಯ ಇದ್ದರೆ, ಒಬ್ಬರಿಗೆ 3 ನಿಮಿಷ ಹಿಡಿದರೂ ಕೊನೆಯವರ ಸರದಿ ಬರಲು ಎರಡು ತಾಸು. ಹೀಗಾದರೆ ಅವರು ಊರಲ್ಲಿ ನೀರನ್ನೂ ಕುಡಿಯುವುದಿಲ್ಲ, ಅಂಗಡಿ ಕಡೆಗೂ ಹಾಯುವುದಿಲ್ಲ, ಮುಂದಿನ ಬಸ್ ಹಿಡಿಯುತ್ತಾರೆ. ನಾಲ್ಕು ಶೌಚಾಲಯ ಇದ್ದರೆ ಅರ್ಧ ತಾಸಿನ ಕೆಲಸ. ದಿನಕ್ಕೆ 200 ಮಂದಿ ಬಳಸಿದರೆ ತಲೆಗೆ 10 ಲೀಟರ್‌ನಂತೆ 2,000 ಲೀಟರ್ ನೀರು ಬೇಕು. ಇಂಥ ಶೌಚಾಲಯ ಕೆಡುವುದು ಹೆಚ್ಚಾಗಿ ಕಟ್ಟಡದ ದೋಷದಿಂದಲ್ಲ, ಟಾಕಿ ಬರಿದಾಗುವುದರಿಂದ ಮತ್ತು ತೊಳೆಯುವವರಿಗೆ ತಿಂಗಳ ಪಗಾರ ಗೊತ್ತುಮಾಡದೇ ಇರುವುದರಿಂದ. ಗ್ರಾಮ ಪಂಚಾಯಿತಿ ಇದನ್ನು ಒಂದು ಸ್ವಸಹಾಯ ಸಂಘಕ್ಕೆ ವಹಿಸಿ, ಬಳಕೆಗೆ 5 ರೂಪಾಯಿ ಇಟ್ಟು, ಕೊರತೆ ಬಿದ್ದದ್ದನ್ನು ತಾನು ತುಂಬಿಕೊಟ್ಟರೆ ನಡೆಯುತ್ತದೆ. ಉತ್ಸವಕ್ಕೆ ಸ್ವಾಗತ ಕಮಾನು ಕಟ್ಟುವ ಮುಂಚೆ ಇದು ಆಗಬೇಕು. ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ.

ಕಾರಿನಲ್ಲಿ ಬರುವವರನ್ನು ಉಳಿಸಿಕೊಳ್ಳಲು ಸಂಜೆ ಮತ್ತು ಮುಂಜಾನೆ ನೋಡುವಂಥದ್ದು ಇರಬೇಕು. ನಿಮ್ಮೂರಲ್ಲಿ ಅದು ಇದೆ, ತೋರಿಸುವವರು ಕಡಿಮೆ. ಮಧ್ಯಾಹ್ನ 12ಕ್ಕೆ ಕಾಶಿವಿಶ್ವೇಶ್ವರ ಗುಡಿಯ ಮುಂದೆ ನಿಂತರೆ ಬಿಸಿಲು ನೆತ್ತಿಯ ಮೇಲೆ, ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಇಲ್ಲವೇ ಸಂಜೆ 4ರ ನಂತರ ಓರೆ ಬೆಳಕು ಬಿದ್ದಾಗ ಬಾಗಿಲ ಚೌಕಟ್ಟಿನ ಒಂದೊಂದು ಬಳ್ಳಿಯೂ ನೆರಳು ಹಿಡಿದು ಎದ್ದು ಬರುತ್ತದೆ. ಅಲ್ಲಿ ಶಿವನ ಗುಡಿಯೂ ಎದುರಿಗೆ ಸಣ್ಣದಾದ ಸೂರ್ಯನ ಗುಡಿಯೂ ಮುಖಾಮುಖಿಯಾಗಿರುವುದನ್ನು, ಚಕ್ರಕ್ಕೆ ಕೊಟ್ಟು ತಿರುಗಿಸಿದಂತೆ ನುಣುಪಾದ ಕಂಬಗಳನ್ನು, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ಸಾವಕಾಶವಾಗಿ ತೋರಿಸಿದರೆ ಎರಡು ತಾಸು ಹೋದದ್ದೇ ಗೊತ್ತಾಗುವುದಿಲ್ಲ. ಮರುದಿನ ಮುಂಜಾನೆ ಮುಸುಕಿನ ಬಾವಿ. ಮೆಟ್ಟಿಲು ಇಳಿಯುವಾಗ ಗೋಡೆಯಲ್ಲಿನ ಸಣ್ಣ ಗುಡಿಗಳನ್ನು ತಂಪು ಹೊತ್ತಿನಲ್ಲೇ ನೋಡಬೇಕು. ನಾಷ್ಟಾ ಆದ ಮೇಲೆ ಡಂಬಳದ ದೊಡ್ಡಬಸಪ್ಪ ಗುಡಿ, ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುವ ಅದರ ತಳವಿನ್ಯಾಸ ನೋಡಲಿಕ್ಕೇ ಬರುವವರಿದ್ದಾರೆ. ಚಳಿಗಾಲವಾದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾದ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಆ ಹಕ್ಕಿಗಳು ಸುತ್ತಲಿನ ರೈತರ ಹೊಲದಲ್ಲಿ ಮೇಯುತ್ತವೆ. ರೈತರು ತಾಳಿಕೊಂಡಿರುವುದರಿಂದಲೇ ಅಲ್ಲಿ ನೋಡಲು ಏನಾದರೂ ಇದೆ ಎಂಬುದನ್ನು ಬಂದವರಿಗೆ ತಿಳಿಸಿ ಹೇಳಬೇಕು, ಅವರ ಶೇಂಗಾ ಕಡಲೆಯನ್ನು ನಿಮ್ಮ ಅಡುಗೆಮನೆಗೆ ನೇರ ಕೊಂಡರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಎರಡು ಖೋಲಿಗೆ ಬರೋಣ. ಬ್ಯಾಂಕಿಗೆ ಹೋಗುವ ಮುಂಚೆ ಒಂದು ಅಳತೆ ಆಗಬೇಕು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಲಕ್ಕುಂಡಿಯಲ್ಲಿ ಗುಡಿಗಳು ಓಣಿ ಓಣಿಯಲ್ಲಿ ಹರಡಿರುವುದರಿಂದ ಬಹಳಷ್ಟು ಮನೆಗಳು ಯಾವುದಾದರೂ ಒಂದು ಸ್ಮಾರಕದ ಈ ಅಳತೆಯೊಳಗೆ ಬೀಳುತ್ತವೆ. ನಿಷೇಧಿತ ಪ್ರದೇಶದಲ್ಲಿ ಹೊಸ ಖೋಲಿ ಕಟ್ಟುವಂತಿಲ್ಲ, ಮೇಲೆ ಅಂತಸ್ತು ಏರಿಸುವಂತಿಲ್ಲ. ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಅವಕಾಶ ಇದೆ, ಅದಕ್ಕೂ ಸಕ್ಷಮ ಪ್ರಾಧಿಕಾರದ (ಇದಕ್ಕೆಂದೇ ನೇಮಿಸಿದ ಅಧಿಕಾರಿಯ) ಅನುಮತಿ ಮೊದಲೇ ಪಡೆಯಬೇಕು. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲಿಕ್ಕೂ ಅನುಮತಿ ಬೇಕು. ಅನುಮತಿ ಇಲ್ಲದೆ ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಎಷ್ಟೋ ಕಡೆ ಆಗುವ ತಪ್ಪು ಏನೆಂದರೆ, ಸಾಲ ಮಂಜೂರಾಗಿ, ಹಿತ್ತಲಲ್ಲಿ ಬಾತ್‌ರೂಮಿಗೆ ಪಾಯ ತೋಡಿದ ಮೇಲೆ ನೋಟಿಸ್ ಬರುತ್ತದೆ, ಕೆಲಸ ನಿಲ್ಲುತ್ತದೆ, ಕಂತು ಮಾತ್ರ ಶುರುವಾಗಿರುತ್ತದೆ. ಅದಕ್ಕೆ ಹೊಸ ಗೋಡೆ ಎಬ್ಬಿಸದೆ, ಇರುವ ಖೋಲಿಯ ಒಂದು ಮೂಲೆಯಲ್ಲೇ ಬಾತ್‌ರೂಮ್ ತೆಗೆಯುವ ನಕ್ಷೆ ಮಾಡಿಸಿ. 5 ಅಡಿ ಅಗಲ, 7 ಅಡಿ ಉದ್ದ ಸಾಕು. ನೆಲ ಅಗೆಯುವ ಕೆಲಸ ಎಷ್ಟೇ ಸಣ್ಣದಿದ್ದರೂ ಅರ್ಜಿಯಲ್ಲಿ ಬರೆಯಿರಿ.

ಕಾಗದಪತ್ರದಲ್ಲಿ ಮನೆಯ ಇ-ಸ್ವತ್ತು, ಅಂದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಮೊದಲು. ನಮೂನೆ 9 ಮತ್ತು 11 ಇಲ್ಲದಿದ್ದರೆ ಬ್ಯಾಂಕಿನವರು ಫೈಲ್ ಮುಂದಕ್ಕೆ ಹಾಕುವುದಿಲ್ಲ. ಆಸ್ತಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ವಾರಸಾ ಮಾಡಿಸಲು ತಿಂಗಳುಗಳು ಹಿಡಿಯುತ್ತವೆ, ಇವತ್ತೇ ಶುರುಮಾಡಿ. ಆಮೇಲೆ ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ಹೋಂಸ್ಟೇ ನೋಂದಣಿ, ಅದರ ಜೊತೆಗೆ ಪೊಲೀಸ್ ಪರಿಶೀಲನೆ. ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಇಲ್ಲದಿದ್ದರೆ ಅದು ಲಾಡ್ಜ್ ಆಗುತ್ತದೆ. ಊಟ ಹಾಕುವುದಕ್ಕೆ ಆಹಾರ ಸುರಕ್ಷತಾ ಇಲಾಖೆಯ ಮೂಲ ನೋಂದಣಿ. ಬಂದವರ ಗುರುತಿನ ಚೀಟಿ ನೋಡಿ ವಹಿಯಲ್ಲಿ ಬರೆಯಬೇಕು, ವಿದೇಶಿಯರು ಉಳಿದರೆ 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಎರಡು ಖೋಲಿಯ ವ್ಯವಹಾರ ವರ್ಷಕ್ಕೆ 20 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ.

ನೋಂದಣಿ ಯಾಕೆ ಬೇಕು, ಸುಮ್ಮನೆ ಬಂದವರಿಗೆ ಖೋಲಿ ಕೊಟ್ಟರಾಯಿತಲ್ಲ ಎಂದು ತಮ್ಮ ಕೇಳಬಹುದು. ಕೋವಿಡ್ ಕಲಿಸಿದ ದೊಡ್ಡ ಪಾಠ ಇಲ್ಲಿದೆ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಟೋ, ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಿಸಿತು, ಅದಕ್ಕೆ ಲೈಸನ್ಸ್ ದಾಖಲೆ ಬೇಕಾಗಿತ್ತು. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗೈಡ್‌ಗಳಿಗೆ 1 ಲಕ್ಷದವರೆಗೆ, ಪ್ರವಾಸ ಸಂಸ್ಥೆಗಳಿಗೆ 10 ಲಕ್ಷದವರೆಗೆ, ತಾನೇ ಖಾತರಿ ನಿಲ್ಲುವ ಸಾಲ ಘೋಷಿಸಿತು, ಅದು ಮಾನ್ಯತೆ ಪಡೆದವರಿಗೆ ಮಾತ್ರ. ಬೀದಿ ವ್ಯಾಪಾರಿಗಳಿಗೆ ಆಗ ಬಂದ 10,000 ರೂಪಾಯಿಯ ಸ್ವನಿಧಿ ಸಾಲ ಮುಖ್ಯವಾಗಿ ಪೇಟೆಯವರಿಗಿತ್ತು. ಗುಡಿ ಮುಂದೆ ಕಾಯಿ ಮಾರುವ ಅಜ್ಜಿ, ಬಾಯಿಮಾತಿನ ಮೇಲೆ ಊರು ತೋರಿಸುವ ಹುಡುಗ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಷ್ಟ ಬಂದಾಗ ಸರ್ಕಾರದ ಕೈ ಮುಟ್ಟುವುದು ಹೆಸರು ಬರೆಸಿದವರಿಗೆ. ಇದು ಅನ್ಯಾಯವೇ ಸರಿ, ಆದರೆ ನೋಂದಣಿ ಮಾಡಿಸುವುದು ನಿಮ್ಮ ಕೈಯಲ್ಲಿದೆ.

ಲೆಕ್ಕ ಹೀಗೆ ಹಾಕಿ. ದರಗಳು ಅಂದಾಜಿನವು, ನಿಮ್ಮೂರಿನ ಗೌಂಡಿ, ಬಡಿಗರ ದರಕ್ಕೆ ತಿದ್ದಿಕೊಳ್ಳಿ. ಎರಡು ಬಾತ್‌ರೂಮಿಗೆ ಕಮೋಡ್, ಗೀಸರ್, ಪೈಪ್, ಟೈಲ್ಸ್ ಸೇರಿ 1,20,000. ಸುಣ್ಣಬಣ್ಣ, ವೈರಿಂಗ್ 50,000. ಮಂಚ, ಗಾದಿ 40,000. ಹಾಸು, ಟವೆಲ್ 15,000. ಇನ್ವರ್ಟರ್ 25,000. ಒಟ್ಟು 2,50,000. ಅದರಲ್ಲಿ 50,000 ಕೈಯದು, 2 ಲಕ್ಷ ಸಾಲ. ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ, ಅದನ್ನೇ ಕೇಳಿ, ಮುದ್ರಾ ಸಾಲಕ್ಕೆ ಅಡಮಾನ ಬೇಕಿಲ್ಲ. ಶೇಕಡಾ 11ರ ಬಡ್ಡಿಗೆ 5 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 4,350.

ಒಂದು ಖೋಲಿಗೆ ರಾತ್ರಿಗೆ 1,500 ಇಟ್ಟರೆ ಅದರೊಳಗಿಂದ ಇಬ್ಬರ ನಾಷ್ಟಾ 120, ಒಗೆತ 100, ಕರೆಂಟು ನೀರು 60, ಕಸ ಮುಸುರೆ ಮಾಡುವವರಿಗೆ 150 ಹೋಗುತ್ತದೆ. ಅರ್ಧದಷ್ಟು ಬುಕಿಂಗ್ ಆ್ಯಪ್‌ಗಳಿಂದ ಬಂದು ಅವರು ಶೇಕಡಾ 18 ಕಮಿಷನ್ ಹಿಡಿದರೆ ಸರಾಸರಿ ಇನ್ನೊಂದು 135. ಕೈಯಲ್ಲಿ ಉಳಿಯುವುದು 935. ತಿಂಗಳಿಗೆ ಇಂಟರ್‌ನೆಟ್, ಸಣ್ಣ ದುರಸ್ತಿಗೆ 1,500, ಅದರ ಮೇಲೆ ಕಂತು. ಎರಡೂ ಸೇರಿದ 5,850 ರೂಪಾಯಿ ಹುಟ್ಟಬೇಕಾದರೆ ತಿಂಗಳಿಗೆ 7 ರಾತ್ರಿ ಖೋಲಿ ಹೋಗಬೇಕು. ಎರಡು ಖೋಲಿ, ನಾಲ್ಕು ಶನಿವಾರ ಎಂದರೆ 8 ರಾತ್ರಿ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ 10 ರಾತ್ರಿ ಹೋದರೂ ಕಂತು ಕಳೆದು 3,500 ಉಳಿಯುತ್ತದೆ. ಏಪ್ರಿಲ್, ಮೇ ಬಿಸಿಲಿಗೆ 4 ರಾತ್ರಿಗೆ ಇಳಿದರೆ 2,100 ರೂಪಾಯಿ ಕಿಸೆಯಿಂದ ಹಾಕಬೇಕು. ಅಂದರೆ ಇದೊಂದರ ಮೇಲೆ ಇಬ್ಬರ ಬದುಕು ನಡೆಯುವುದಿಲ್ಲ. ಹೊಲ, ಹೈನ, ತಮ್ಮನಿಗೆ ಬರುವ ಕೆಲಸ ಯಾವುದನ್ನೂ ಬಿಡಬೇಡಿ.

ಮತ್ತೊಂದು ರೋಗ ಬಂದರೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇದೇ ಲೆಕ್ಕದಲ್ಲಿದೆ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಕಂತು ನಿಂತಿತೇ ಹೊರತು ಬಡ್ಡಿ ನಿಲ್ಲಲಿಲ್ಲ, ಬಹಳ ಜನ ಇದನ್ನು ತಿಳಿಯದೆ ಆಮೇಲೆ ಪೇಚಾಡಿದರು. ಆದ್ದರಿಂದ ಆರು ತಿಂಗಳ 5,850, ಅಂದರೆ ಸುಮಾರು 35,000 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಕೂಡಿಡುವವರೆಗೆ ಮನೆಗೆ ಹೊಸ ಟಿ.ವಿ., ಖೋಲಿಗೆ ಎ.ಸಿ. ಎಂದು ಖರ್ಚು ಮಾಡಬೇಡಿ. ಕೂಡಿಹಾಕಲು ಒಂದೂವರೆ, ಎರಡು ವರ್ಷ ಹಿಡಿಯುತ್ತದೆ, ಹಿಡಿಯಲಿ.

ಲಾಭ ಹೆಚ್ಚಿಸುವ ಸುಲಭ ದಾರಿ ಊಟ. ರಾತ್ರಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು ಇಷ್ಟಿದ್ದು ತಲೆಗೆ 180 ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಇಬ್ಬರಿಗೆ 160 ರೂಪಾಯಿ ಉಳಿದರೂ ಮೊದಲು ಹೇಳಿದ 7 ರಾತ್ರಿ 6ಕ್ಕೆ ಇಳಿಯುತ್ತದೆ. ಪನೀರ್, ನೂಡಲ್ಸ್ ಮಾಡಲು ಹೋಗಬೇಡಿ, ಅದನ್ನು ಅವರು ಹುಬ್ಬಳ್ಳಿಯಲ್ಲಿ ಇದಕ್ಕಿಂತ ಚಲೋ ತಿಂದಿರುತ್ತಾರೆ. ಊಟ ಬೇಕೋ ಬೇಡವೋ ಎಂದು ಮಧ್ಯಾಹ್ನವೇ ಕೇಳಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಮಾಡಿದ ಅಡುಗೆ ದಂಡ.

ಒಯ್ಯಲು ಕೊಡುವ ಪದಾರ್ಥದಲ್ಲಿ ಧಾರವಾಡ ಪೇಡಾದ ಉದಾಹರಣೆ ಕಣ್ಣ ಮುಂದಿದೆ: ಹಗುರ, ಒಂದಷ್ಟು ದಿನ ಇರುತ್ತದೆ, ಊರಿನ ಹೆಸರನ್ನೇ ಹೊತ್ತಿದೆ. ನಿಮ್ಮಲ್ಲಿ ಆ ಜಾಗ ಖಡಕ್ ರೊಟ್ಟಿಗೆ. ಕಿಲೋ ಜೋಳದ ಹಿಟ್ಟಿಗೆ ತೆಳುವಾದ 16ರಿಂದ 18 ರೊಟ್ಟಿ ಏಳುತ್ತವೆ. ಪ್ಯಾಕೆಟ್ ಕೆಡುವುದು ಒಂದೇ ಕಾರಣಕ್ಕೆ: ರೊಟ್ಟಿ ಪೂರ್ತಿ ಆರುವ ಮುಂಚೆ ಪ್ಲಾಸ್ಟಿಕ್‌ಗೆ ಹಾಕಿ ಬಾಯಿ ಮುಚ್ಚಿದರೆ ಒಳಗಿನ ಹಬೆ ನೀರಾಗಿ, ರೊಟ್ಟಿ ಮೆತ್ತಗಾಗಿ, ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ಹಂಚಿನ ಮೇಲೆ ಎರಡನೇ ಸಲ ಕಾಯಿಸಿ, ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರವಿ, ಮುರಿದರೆ ಪಟ್ಟನೆ ಸದ್ದಾಗುವಂತಾದ ಮೇಲೆ ಪ್ಯಾಕ್ ಮಾಡಿ. 10 ರೊಟ್ಟಿಯ ಕಟ್ಟಿಗೆ ಕೆಳಗೆ ಮೇಲೆ ಒಂದೊಂದು ರಟ್ಟು ಇಟ್ಟರೆ ಕಾರಿನಲ್ಲಿ ಪುಡಿಯಾಗುವುದಿಲ್ಲ. ತೂಕ, ತಯಾರಿಸಿದ ದಿನ, ಬೆಲೆ, ನೋಂದಣಿ ಸಂಖ್ಯೆ ಇರುವ ಚೀಟಿ ಅಂಟಿಸಿ. ಜೊತೆಗೆ ಗುರೆಳ್ಳು, ಅಗಸಿ ಚಟ್ನಿಪುಡಿ ತಲಾ 100 ಗ್ರಾಂ.

ಕೋವಿಡ್ ಹೋದರೂ ಅದು ಬಿಟ್ಟುಹೋದ ಒಂದು ರೂಢಿ ಉಳಿದಿದೆ. ಬಂದವರು ಮೊದಲು ಬಾತ್‌ರೂಮ್ ನೋಡುತ್ತಾರೆ, ಆಮೇಲೆ ಹಾಸಿಗೆ ಎತ್ತಿ ನೋಡುತ್ತಾರೆ. ಪ್ರತಿ ಹಾಸಿಗೆಗೆ ಮೂರು ಜೊತೆ ಬಿಳಿ ಹಾಸು ಇರಲಿ: ಒಂದು ಮಂಚದ ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ಎರಡೇ ಜೊತೆ ಇದ್ದರೆ ಜುಲೈನಲ್ಲಿ ಒಣಗದೆ ಹಸಿ ವಾಸನೆ ಬರುತ್ತದೆ, ನಿಮ್ಮ ಮೇಲೆ ಬರೆಯುವ ಮೊದಲ ದೂರು ಅದೇ ಆಗುತ್ತದೆ. ಖೋಲಿಗೆ ಎದುರುಬದುರು ಗಾಳಿಯಾಡಲಿ.

ಇನ್ನು ಸಾಮಾಜಿಕ ಪಾತ್ರದ ಮಾತು. ಇದನ್ನು ಬಹಳಷ್ಟು ಜನ ಹಾರಿಸಿ ಮಾತಾಡುತ್ತಾರೆ. ಹೋಂಸ್ಟೇಯ ಕೆಲಸದಲ್ಲಿ ಮುಕ್ಕಾಲು ಪಾಲು ಮನೆಯ ಹೆಣ್ಣುಮಕ್ಕಳದು, ದುಡ್ಡು ಮಾತ್ರ ಗಂಡಸರ ಫೋನಿಗೆ ಬರುತ್ತದೆ. ಊಟ, ನಾಷ್ಟಾದ ಹಣ ಅಡುಗೆ ಮಾಡುವವರ ಖಾತೆಗೇ ನೇರ ಬೀಳುವಂತೆ ಬೇರೆ ಕ್ಯೂಆರ್ ಕೋಡ್ ಇಡಿ, ಮೊದಲ ದಿನದಿಂದಲೇ. ಎರಡನೆಯದು ಜಾತಿ. ಬುಕಿಂಗ್ ಫೋನಿನಲ್ಲಿ ಅಡ್ಡಹೆಸರು ಕೇಳಿ ಖೋಲಿ ಇಲ್ಲ ಎನ್ನುವುದು ತಪ್ಪು, ಅಪರಾಧವೂ ಹೌದು. ಹಾಗೆಯೇ ಗುಡಿ ಓಣಿಯ ನಾಲ್ಕು ಮನೆಗಳಿಗೆ ಮಾತ್ರ ಲಾಭವಾಗಿ, ಊರ ಕಸ ಎತ್ತುವವರಿಗೆ ಕಸ ಮಾತ್ರ ಹೆಚ್ಚಾದರೆ ಅಂಥ ಪ್ರವಾಸೋದ್ಯಮವನ್ನು ಸುಧಾರಣೆ ಎನ್ನಲಾಗದು.

ಅದಕ್ಕೇ ಒಬ್ಬರೇ ಮಾಡುವುದಕ್ಕಿಂತ ಆರೆಂಟು ಮನೆ ಸೇರಿ ಮಾಡುವುದು ಮೇಲು. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಿಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ. ಎಲ್ಲ ಮನೆಗಳಿಗೆ ಒಂದೇ ಬುಕಿಂಗ್ ನಂಬರ್, ಒಂದೇ ದರ, ಸರದಿ ಪ್ರಕಾರ ಹಂಚಿಕೆ, ಪ್ರತಿ ರಾತ್ರಿಯಿಂದ 50 ರೂಪಾಯಿ ಸಾಮಾನ್ಯ ನಿಧಿಗೆ. ಆ ನಿಧಿಯಿಂದ ಒಬ್ಬ ಯುವಕ ಅಥವಾ ಯುವತಿಗೆ ಗೈಡ್ ತರಬೇತಿ, ಕಷ್ಟಕಾಲಕ್ಕೆ ಕೈಗಡ. ಇಂಥ ಗುಂಪು ಮುರಿಯುವುದು ಹೆಚ್ಚಾಗಿ ಸರದಿ ತಪ್ಪಿದಾಗ. ಆದ್ದರಿಂದ ಸರದಿ ಪಟ್ಟಿ ಎಲ್ಲರ ಫೋನಿನಲ್ಲೂ ದಿನಾ ಕಾಣುವಂತಿರಲಿ. ಒಂದು ವರ್ಷ ಸುಸೂತ್ರ ನಡೆದ ಮೇಲೆ ಸಂಘವಾಗಿ ನೋಂದಾಯಿಸಿ. ಬಾಡ, ಕಾಗಿನೆಲೆ, ಬಂಕಾಪುರ ಕಡೆಯ ಊರುಗಳಿಗೂ ಇದೇ ಕ್ರಮ ಹೊಂದುತ್ತದೆ.

ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ನಾಲ್ಕು ಶನಿವಾರ, ನಾಲ್ಕು ರವಿವಾರ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ತಮ್ಮನನ್ನು ಕಾಶಿವಿಶ್ವೇಶ್ವರ ಗುಡಿಯ ಹತ್ತಿರ ವಹಿ ಹಿಡಿದು ಕೂರಿಸಿ. ಎಷ್ಟು ಕಾರು, ಎಲ್ಲಿಯ ನೋಂದಣಿ, ಎಷ್ಟು ಹೊತ್ತು ನಿಂತವು, 4ರ ನಂತರ ಬಂದವರೆಷ್ಟು ಎಂದು ಬರೆಯಲಿ. ಆ 4ರ ನಂತರದವರನ್ನು ಮಾತಾಡಿಸಿ, ರಾತ್ರಿ ಎಲ್ಲಿ ಉಳಿಯುತ್ತೀರಿ, ಇಲ್ಲಿ ಸ್ವಚ್ಛ ಖೋಲಿ, ರೊಟ್ಟಿ ಊಟ ಸಿಕ್ಕರೆ ಉಳಿಯುತ್ತಿದ್ದಿರಾ, ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಲಿ. ಒಂದು ತಿಂಗಳಲ್ಲಿ ಹೌದು ಎಂದ ಕುಟುಂಬಗಳು 25 ದಾಟಿದರೆ, ಅದರಲ್ಲಿ ಮೂರರಲ್ಲೊಂದು ಪಾಲು ನಿಜಕ್ಕೂ ಬರುತ್ತಾರೆ ಎಂದು ಹಿಡಿದು ಒಂದು ಖೋಲಿಯಿಂದ ಶುರುಮಾಡಿ, 1 ಲಕ್ಷ ಸಾಲ ಸಾಕು. 15ರ ಕೆಳಗಿದ್ದರೆ ಈ ವರ್ಷ ಖೋಲಿ ಬೇಡ, ಊಟ ಮತ್ತು ಖಡಕ್ ರೊಟ್ಟಿಯಿಂದ ಆರಂಭಿಸಿ. ಎರಡರ ನಡುವೆ ಬಂದರೆ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಎಣಿಸಿ ನೋಡಿ.